ಬಿಡ್ತು ಅನ್ನದ ಮಾತು

ಪರಶುರಾಮ ಒಂದು ಮನೆಯ ಕೆಲಸ ಮುಗಿಸಿ ಮುಂಬಾಗಿಲಿನಿಂದ ಹೋದರೆ ಮರುದಿನ ಹಿಂಬಾಗಿಲಿನಿಂದ ಬಂದೇ ಬರುತ್ತಾನೆ. ಸೊರಬದಲ್ಲೂ ಶಿಕಾರಿಪುರದಲ್ಲೂ ಅಡುಗೆಮನೆಗೆ ಚಿಮಣಿ ಕೂರಿಸಿಕೊಂಡವರಿಗೆಲ್ಲ ಇದು ಗೊತ್ತು. ಯಾರೂ ಕರೆದಿರುವುದಿಲ್ಲ, ಏನೂ ಕೆಟ್ಟಿರುವುದಿಲ್ಲ. ಆದರೂ ಬಂದು, ಚಪ್ಪಲಿ ಬಿಟ್ಟು, ಸೀದಾ ಒಲೆಯ ಹತ್ತಿರ ಹೋಗಿ, ಹಾಕಿದ ಸ್ಕ್ರೂಗಳನ್ನೇ ಇನ್ನೊಮ್ಮೆ ತಿರುಗಿಸಿ, ಕೊಳವೆಗೆ ಕಿವಿ ಕೊಟ್ಟು, 'ಸರಿ ಇದೆ' ಎಂದು ತನಗೆ ತಾನೇ ಹೇಳಿಕೊಂಡು ಹೋಗುತ್ತಾನೆ. ಚಹಾ ಕುಡಿಯಲಿಕ್ಕೆ ಬರುತ್ತಾನೆ ಎಂದು ಕೆಲವರು ಅಂದುಕೊಂಡಿದ್ದಾರೆ. ಚಹಾ ಕೊಟ್ಟರೆ ಅರ್ಧ ಲೋಟದಲ್ಲೇ ಎದ್ದು ಹೋಗುತ್ತಾನೆ ಎಂಬುದನ್ನು ಅವರು ಗಮನಿಸಿಲ್ಲ.

ಅವನ ಹೆಂಡತಿ ರಜನಿ ಅಂಗನವಾಡಿ ಟೀಚರು. ಮೂವತ್ತು ಮಕ್ಕಳನ್ನು ಸಾಲಾಗಿ ಕೂರಿಸಿ ಉಪ್ಪಿಟ್ಟು ತಿನ್ನಿಸುವವಳಿಗೆ ಒಬ್ಬ ಗಂಡನನ್ನು ಊಟ ಮುಗಿಯುವವರೆಗೆ ಕೂರಿಸಲು ಇಪ್ಪತ್ತು ವರ್ಷದಿಂದ ಆಗಿಲ್ಲ. ಅಂಡು ಸುಟ್ಟ ಬೆಕ್ಕು ಎಂದು ಅವಳು ಕರೆಯುವುದು ಪ್ರೀತಿಯಿಂದಲೋ ಸಿಟ್ಟಿನಿಂದಲೋ ಅವನು ಕೇಳಲು ಹೋಗಿಲ್ಲ.

ಈ ರೋಗ ಅವನಿಗೆ ತಂದೆಯಿಂದ ಬಂದದ್ದು. ಕುಪ್ಪಗಡ್ಡೆಯ ಮಾಸ್ತಪ್ಪ ತಗಡಿನ ಕೆಲಸದವನು. ಆಲಿಕೆ, ಡಬ್ಬ, ಸೂರಿನ ನೀರು ಹಿಡಿಯುವ ದೋಣಿ, ಬಚ್ಚಲೊಲೆಯ ಹೊಗೆ ಕೊಳವೆ, ಎಲ್ಲ ಅವನ ಕೈಯಲ್ಲಿ ಆಗುತ್ತಿತ್ತು. ಹೊಗೆ ಕೊಳವೆ ಹಾಕಿದ ಮನೆಗೆ ಮಾತ್ರ ಮಾರನೆಯ ದಿನ ಹೋಗಿ, ಊದಿನಕಡ್ಡಿ ಹಚ್ಚಿ ಒಲೆಯ ಬಾಯಿಗೆ ಹಿಡಿದು ನೋಡುತ್ತಿದ್ದ. ಹೊಗೆ ಒಳಗೆ ಎಳೆದುಕೊಂಡರೆ ಒಲೆ ಸರಿ. ಮುಖಕ್ಕೆ ಬಂದರೆ ಕೊಳವೆ ತಪ್ಪು. ಮನುಷ್ಯ ಸುಳ್ಳು ಹೇಳಿಯಾನು, ಹೊಗೆ ಹೇಳುವುದಿಲ್ಲ ಎಂಬುದು ಮಾಸ್ತಪ್ಪನ ವೇದಾಂತ. ಪ್ಲಾಸ್ಟಿಕ್ ಬಂದು ತಗಡಿನ ಕೆಲಸ ಮೂಲೆ ಸೇರಿತು. ಮಗ ದಾವಣಗೆರೆಗೆ ಹೋಗಿ ಕರೆಂಟಿನ ಚಿಮಣಿ ಕೂರಿಸುವುದನ್ನು ಕಲಿತು ಬಂದ. ಊದಿನಕಡ್ಡಿ ಮಾತ್ರ ಅಪ್ಪನದೇ ಉಳಿಯಿತು. ಅವನ ಹತಾರದ ಪೆಟ್ಟಿಗೆಯಲ್ಲಿ ಡ್ರಿಲ್ ಮಷಿನ್ ಪಕ್ಕ ಒಂದು ಕಟ್ಟು ಊದಿನಕಡ್ಡಿ ಇದ್ದೇ ಇರುತ್ತದೆ. ನೋಡಿದವರು ಬಹಳ ದೈವಭಕ್ತ ಎಂದುಕೊಳ್ಳುತ್ತಾರೆ.

ಶಿಕಾರಿಪುರದ ಬಟ್ಟೆ ಅಂಗಡಿ ಮಹೇಶ್ವರಪ್ಪನವರ ಹೊಸ ಮನೆಯ ಕೆಲಸ ಬಂದದ್ದು ಅವರ ಹೆಂಡತಿ ನೀಲಾಂಬಿಕ ಅವರ ಒಂದು ಕಿಟಕಿಯ ಹಠದಿಂದ. ಒಲೆ ಇರುವುದು ಆಗ್ನೇಯ ಮೂಲೆಯಲ್ಲಿ, ಅದರ ನೇರಕ್ಕೆ ಬೀದಿಗೆ ತೆರೆಯುವ ದೊಡ್ಡ ಕಿಟಕಿ. ಮಾಮೂಲಿ ಚಿಮಣಿ ತಲೆಯ ಮೇಲೆ ಕೂರಬೇಕು, ಕೂತರೆ ಕಿಟಕಿ ಹೋಯಿತು. ಸೊಸೆಯಾಗಿ ಬಂದಾಗಿನಿಂದ ಕತ್ತಲೆ ಗೋಡೆ ನೋಡಿಕೊಂಡು ರೊಟ್ಟಿ ಬಡಿದಿದ್ದೇನೆ, ಇನ್ನು ಬೀದಿ ನೋಡಿಕೊಂಡೇ ಬಡಿಯುವುದು ಎಂದು ನೀಲಾಂಬಿಕ ಕಡ್ಡಿ ಮುರಿದಂತೆ ಹೇಳಿದರು. ಅದಕ್ಕೆ ಪರಶುರಾಮ ಕೆಳಕ್ಕೆಳೆಯುವ ಚಿಮಣಿಯ ಮಾತೆತ್ತಿದ. ಡೌನ್‌ಡ್ರಾಫ್ಟ್ ಎಂದು ಅದರ ಹೆಸರು. ಗುಂಡಿ ಒತ್ತಿದರೆ ಒಲೆಯ ಹಿಂದಿನಿಂದ ಗೇಣುದ್ದದ ಗಾಜಿನ ಪಟ್ಟಿ ಮೇಲೇಳುತ್ತದೆ. ಒಗ್ಗರಣೆಯ ಘಾಟು ಮೇಲೆ ಹೋಗುವ ಮೊದಲೇ ಅದನ್ನು ಹಿಡಿದು ಕೆಳಗೆಳೆದು, ಕಟ್ಟೆಯ ಅಡಿಯ ಕೊಳವೆಯಲ್ಲಿ ಹಾಯಿಸಿ ಮನೆಯ ಹೊರಗೆ ಬಿಡುತ್ತದೆ. ಹೊಗೆಯನ್ನು ಕೆಳಗೆ ಇಳಿಸುವುದೆಂದರೆ ನೀರನ್ನು ಗುಡ್ಡ ಹತ್ತಿಸಿದ ಹಾಗೆ. ಹಾಗಾಗಿ ಅದರ ಫ್ಯಾನು ಭಾರೀ ಜೋರಿನದು.

ಮೂರು ದಿನ ಕೆಲಸ ನಡೆಯಿತು. ಪರಶುರಾಮ ಸುಕ್ಕುಸುಕ್ಕಾದ ರಬ್ಬರಿನ ಕೊಳವೆ ಹಾಕಲಿಲ್ಲ, ಅದರ ಮಡಿಕೆಯಲ್ಲಿ ಜಿಡ್ಡು ನಿಂತು ಒಂದು ದಿನ ಬೆಂಕಿ ಹಿಡಿಯುತ್ತದೆ. ಗಟ್ಟಿ ತಗಡಿನ ಕೊಳವೆಯನ್ನೇ ಒಂದೇ ಒಂದು ಬಾಗು ಕೊಟ್ಟು ಹೊರಗೋಡೆಗೆ ಒಯ್ದ. ಹೊರಗಿನ ಗಾಳಿ, ಇಲಿ ಒಳಗೆ ಬರದ ಹಾಗೆ ತುದಿಗೆ ಮುಚ್ಚಳ ಹಾಕಿದ. ಗ್ಯಾಸಿನ ಪೈಪನ್ನು ಮೋಟಾರಿನಿಂದ ದೂರಕ್ಕೆ ಸರಿಸಿದ. ಗ್ಯಾಸ್ ಸೋರಿದರೆ ನೆಲಕ್ಕೆ ಇಳಿದು ಕೂರುತ್ತದೆ, ಮೋಟಾರು ಇರುವುದೂ ಕೆಳಗೇ ಎಂದು ಕಟ್ಟೆಯ ಅಡಿಯ ಬಾಗಿಲಿಗೆ ತೂತು ಕೊರೆದ. ಫ್ಯಾನಿಗೆಂದೇ ಬೇರೆ ಲೈನು ಎಳೆದು, ಜಗಲಿಯ ಮೀಟರ್ ಪೆಟ್ಟಿಗೆಯಲ್ಲಿ ಅದಕ್ಕೊಂದು ಬೇರೆ ಸ್ವಿಚ್ಚು ಇಟ್ಟ. ಇಷ್ಟೆಲ್ಲ ಆದ ಮೇಲೆ ಮನೆಯ ಬಾಗಿಲು ಕಿಟಕಿ ಮುಚ್ಚಿಸಿ, ಫ್ಯಾನನ್ನು ಪೂರ್ತಿ ಜೋರಿಗೆ ಇಟ್ಟು, ಊದಿನಕಡ್ಡಿ ಹಚ್ಚಿಕೊಂಡು ಮನೆಯೆಲ್ಲ ಸುತ್ತಿದ.

ಅಡುಗೆಮನೆಗೆ ಹತ್ತಿದ ಹಾಗೇ ಬಚ್ಚಲುಮನೆ. ಮಾಳಿಗೆಯ ಮೇಲೆ ಸೋಲಾರ್ ಇದ್ದರೂ ನೀಲಾಂಬಿಕ ತಾಮ್ರದ ಹಂಡೆ ಹೂಳಿಸಿ ಕಟ್ಟಿಗೆ ಒಲೆ ಇಡಿಸಿದ್ದರು, ಮಗಳ ಬಾಣಂತನಕ್ಕೆ. ಪರಶುರಾಮ ಆ ಒಲೆಯ ಬಾಯಿಗೆ ಕಡ್ಡಿ ಹಿಡಿದ. ಹೊಗೆ ಅವನ ಮುಖಕ್ಕೆ ಬಂತು.

ಅವನಿಗೆ ತಕ್ಷಣ ಅರ್ಥವಾಯಿತು. ಫ್ಯಾನು ಅಷ್ಟು ಗಾಳಿಯನ್ನು ಹೊರಗೆ ದಬ್ಬಿದರೆ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಹೊಸ ಮನೆ, ಇಸ್ತ್ರಿ ಮಾಡಿದಂಥ ಕಿಟಕಿಗಳು, ಕೂದಲು ತೂರದ ಸಂದು. ಬೇರೆ ದಾರಿ ಇಲ್ಲದೆ ಗಾಳಿ ಬಚ್ಚಲೊಲೆಯ ಕೊಳವೆಯಿಂದ ಕೆಳಗಿಳಿಯುತ್ತಿತ್ತು. ಒಲೆ ಉರಿಯುವಾಗ ಇಳಿಯುವುದು ಬರೀ ಗಾಳಿಯಲ್ಲ. ಕೆಂಡದ ವಿಷಗಾಳಿ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಿದ್ದೆ ಬಂದ ಹಾಗಾಗುತ್ತದೆ, ಅಷ್ಟೇ.

ಅಡುಗೆಮನೆಯ ಉತ್ತರದ ಗೋಡೆಯಲ್ಲಿ, ನೆಲದಿಂದ ಮೊಳದೆತ್ತರಕ್ಕೆ, ಗೇಣಗಲದ ಕಿಂಡಿ ಕೊರೆದ. ಹೊರಗಿನಿಂದ ಜಾಲರಿ ಹೊಡೆದ. ಮತ್ತೆ ಕಡ್ಡಿ ಹಿಡಿದ. ಹೊಗೆ ಒಲೆಯೊಳಕ್ಕೆ ಹೋಯಿತು. ನಾಲ್ಕು ಸಲ ಹಿಡಿದ, ನಾಲ್ಕು ಸಲವೂ ಹೋಯಿತು.

ಇಲ್ಲಿಗೆ ಕೆಲಸ ಮುಗಿಯಿತು. ಇನ್ನು ಉಳಿದದ್ದು ಒಂದು ಮಾತು.

ಅಷ್ಟರಲ್ಲಿ ನೀಲಾಂಬಿಕ ಹೊಸ ಮಷಿನ್ನಿಗೆ ವಿಭೂತಿ ಹಚ್ಚಿ, ಹೂವಿಟ್ಟು, ಕಾಯಿ ಒಡೆದಿದ್ದರು. ಮಗಳು ಧನ್ಯಾ ಶಿವಮೊಗ್ಗದಲ್ಲಿ ಹೆತ್ತು ಎಂಟು ದಿನ, ಮರುದಿನ ಬೆಳಿಗ್ಗೆ ಹಸುಗೂಸಿನೊಂದಿಗೆ ಮನೆಗೆ ಬರುವವಳು. ಕಿಂಡಿ ನೋಡಿ ಅವರ ಮುಖ ಚಿಕ್ಕದಾಯಿತು. ಇದರಿಂದ ಗಾಳಿ ಬರುತ್ತದೆಯೇ ಎಂದು ಕೇಳಿದರು. ಬರಬೇಕು, ಅದಕ್ಕೇ ಕೊರೆದದ್ದು ಎಂದ ಪರಶುರಾಮ.

"ಇದನ್ನ ಮುಚ್ಚಬ್ಯಾಡಿ ಅಮ್ಮಾರೆ. ಮುಚ್ಚಿದ್ರೆ ಬಚ್ಚಲಲ್ಲಿ ಇದ್ದೋರು ಜೀವ—"

"ಬಿಡ್ತು ಅನ್ನಿ," ಎಂದರು ನೀಲಾಂಬಿಕ. ಅವರ ಕೈಯಲ್ಲಿ ಇನ್ನೂ ಮಂಗಳಾರತಿ ತಟ್ಟೆ ಇತ್ತು. "ನಾಳೆ ಕೂಸು ಬರೋ ಮನಿ ಐತಿ ಇದು. ಮೊದಲು ಬಿಡ್ತು ಅನ್ನಿ, ಪರಶುರಾಮಣ್ಣ."

ಅಶುಭ ನುಡಿದ ಬಾಯಿ 'ಬಿಡ್ತು' ಎಂದುಬಿಟ್ಟರೆ ನುಡಿದದ್ದು ಅಲ್ಲಿಗೇ ಬಿದ್ದು ಹೋಗುತ್ತದೆ, ಯಾರಿಗೂ ತಗಲುವುದಿಲ್ಲ. ಪರಶುರಾಮನ ತಾಯಿ ಲೋಕಮ್ಮ ಅವನಿಗೆ ಸಾವಿರ ಸಲ ಹಾಗೆ ಅನ್ನಿಸಿದ್ದಳು. ಅವನಿಗೂ ನಾಚಿಕೆಯಾಯಿತು, ಬಾಣಂತಿ ಬರುವ ಮನೆಯಲ್ಲಿ ಇದೆಂಥ ಮಾತು ಎತ್ತಿದೆ ಎಂದು. "ಬಿಡ್ತು" ಎಂದ. ಆಮೇಲೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಮಷಿನ್ನಿಗೆ ಗಾಳಿ ಬೇಕಾಗ್ತದೆ, ಅದಕ್ಕೇ ತೆರೆದಿಡಿ ಎಂದು ಸೇರಿಸಿದ. ನೀಲಾಂಬಿಕ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವನ ಕೈಗೆ ಅರ್ಧ ಹೋಳು ತೆಂಗಿನಕಾಯಿ ಕೊಟ್ಟರು.

ಆ ತೆಂಗಿನಕಾಯಿ ಮರುದಿನ ಬೆಳಿಗ್ಗೆ ರಜನಿಯ ಕೈಯಲ್ಲಿ ಚಟ್ನಿಯಾಯಿತು. ದೋಸೆ ಹರಿಯುತ್ತ ಕೂತ ಪರಶುರಾಮ ಅದನ್ನು ಮುಟ್ಟಲಿಲ್ಲ. ಎದ್ದ, ಕೂತ, ಬೈಕಿನ ಕೀ ತಡವಿದ. ರಜನಿ ಒಲೆಯ ಮುಂದಿನಿಂದಲೇ ನೋಡುತ್ತಿದ್ದಳು. ಹೊಸಬಾಳೆಯಲ್ಲಿ ಹತ್ತು ಗಂಟೆಗೆ ಕೆಲಸ ಒಪ್ಪಿಕೊಂಡಾಗಿದೆ, ಹೋದ ವಾರವೂ ಹೀಗೇ ಹಳೇ ಮನೆ ಸುತ್ತಲು ಹೋಗಿ ಹೊಸ ಮನೆಯವರಿಂದ ಬೈಸಿಕೊಂಡದ್ದಾಗಿದೆ, ಇವತ್ತು ಶಿಕಾರಿಪುರಕ್ಕೆ ಹೋಗುವುದಿಲ್ಲ ಎಂದು ಮಾತು ಕೊಡು ಎಂದಳು. ಕೊಟ್ಟ. ಮಾತು ಕೊಡುವುದರಲ್ಲಿ ಅವನು ಯಾವಾಗಲೂ ಧಾರಾಳಿ.

ಅವನ ಮನಸ್ಸಿನಲ್ಲಿ ಕುಳಿತದ್ದು ನೀಲಾಂಬಿಕ ಅವರ ಮೌನ. ಜಗಳ ಮಾಡಿದ್ದರೆ ಸಮಾಧಾನ ಇರುತ್ತಿತ್ತು. ಏಕೆ ಕೊರೆದೆ ಎಂದು ಬೈದಿದ್ದರೆ ಉತ್ತರ ಕೊಡಬಹುದಿತ್ತು. ಮನೆಯ ಯಜಮಾನಿ ಹೊಸ ಗೋಡೆಗೆ ತೂತು ಬಿದ್ದದ್ದನ್ನು ನೋಡಿಯೂ ಸುಮ್ಮನಿದ್ದಾಳೆ ಎಂದರೆ ಅದಕ್ಕೆ ತನ್ನದೇ ಒಂದು ಪರಿಹಾರ ಯೋಚಿಸಿಕೊಂಡಿದ್ದಾಳೆ ಎಂದೇ ಅರ್ಥ.

ಹೊಸಬಾಳೆಯ ದಾರಿ ಹಿಡಿದವನು ಅರ್ಧ ಫರ್ಲಾಂಗಿನಲ್ಲಿ ಬೈಕು ತಿರುಗಿಸಿದ. ಶಿರಾಳಕೊಪ್ಪದಲ್ಲಿ ತಗಡು ಅಗ್ಗ, ತಂದುಬಿಡೋಣ ಎಂದುಕೊಂಡ. ಸೊರಬದ ಅವನ ಮನೆಯಿಂದ ಶಿರಾಳಕೊಪ್ಪ ಶಿಕಾರಿಪುರದ ಅರ್ಧ ದಾರಿ. ಮಾತು ಮುರಿದಂತೆಯೂ ಅಲ್ಲ, ಉಳಿಸಿಕೊಂಡಂತೆಯೂ ಅಲ್ಲ. ತಗಡಿನ ಅಂಗಡಿಯ ಮುಂದೆ ಇಳಿದು ತಗಡು ಕೇಳಲಿಲ್ಲ, ಮಹೇಶ್ವರಪ್ಪನವರಿಗೆ ಫೋನು ಮಾಡಿದ.

ಅವರು ಬಟ್ಟೆ ಅಂಗಡಿಯಲ್ಲಿದ್ದರು, ಮೊಮ್ಮಗಳು ಹುಟ್ಟಿದ ಖುಷಿಗೆ ಬಂದವರಿಗೆಲ್ಲ ಪೇಡಾ ಹಂಚುತ್ತಿದ್ದರು. ಮಗಳು ಕೂಸು ಆರಾಮಾಗಿ ಬಂದಿದ್ದಾರೆ ಎಂದರು. ನಿಮ್ಮ ಮಷಿನ್ ಬೆಳಿಗ್ಗೆಯಿಂದ ನಿಂತಿಲ್ಲ, ಬಾಣಂತಿಗೆ ಅಂತ ಬೆಳ್ಳುಳ್ಳಿ, ಮೆಣಸು ಎಲ್ಲ ಹುರಿಯುತ್ತಿದ್ದರೂ ಒಂದು ಸೀನು ಬರಲಿಲ್ಲ ಎಂದು ಹೊಗಳಿದರು. ಕಿಂಡಿಯ ಗಾಳಿ ತೊಂದರೆ ಕೊಡುತ್ತಿದೆಯೇ ಎಂದು ಪರಶುರಾಮ ಹಗುರಾಗಿ ಕೇಳಿದ.

"ಏನೂ ಇಲ್ರಿ. ಗಾಳಿ ಬರ್ತದ ಅಂತ ನೀವು ಸುಮ್ನೆ ಹೆದರಿಸಿದ್ರಿ. ಒಂದು ಚೂರೂ ಬರಲ್ಲ ಅಂದ್ಲು ನಮ್ಮಾಕಿ."

ಕಿಂಡಿ ಮುಚ್ಚಿದ್ದಾರೆ ಎಂದು ಪರಶುರಾಮನಿಗೆ ಗೊತ್ತಾಯಿತು. ಬಾಣಂತಿಗೆ ನೀರು ಹಾಕಿ ಆಯಿತೇ ಎಂದ. ಇಲ್ಲ, ಹಂಡೆ ಕಾದಿದೆ, ನೀರು ಹಾಕುವ ಬಂಗಾರಮ್ಮ ಬಂದಿದ್ದಾಳೆ ಎಂದರು ಮಹೇಶ್ವರಪ್ಪ. ಆ ಕಿಂಡಿಗೆ ಮುಚ್ಚಿದ್ದನ್ನು ತೆಗೆಸಿ, ಈಗಲೇ ಹೇಳಿ ಮನೆಗೆ ಎಂದ ಇವನು. ಆಯ್ತಾಯ್ತು, ಮಧ್ಯಾಹ್ನ ಊಟಕ್ಕೆ ಹೋದಾಗ ನೋಡುತ್ತೇನೆ ಎಂದರು ಅವರು. ಆಗಲಾದರೂ ಪರಶುರಾಮ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆ ಕಡೆಯಿಂದ ಯಾರೋ ಲಕ್ಷ್ಮಿ ಹುಟ್ಟಿದಳು ಬಿಡ್ರಿ ಸಾವ್ಕಾರ್ರೆ ಎಂದು ನಗುವುದು ಕೇಳಿಸಿತು. ಅವನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಎರಡನೆಯ ಸಲ.

ನೀಲಾಂಬಿಕ ಅವರಿಗೆ ಫೋನು ಮಾಡಿದ. ಪೂರ್ತಿ ಬಡಿದುಕೊಂಡು ನಿಂತಿತು. ಮತ್ತೆ ಮಾಡಿದ. ಬೈಕು ಹತ್ತಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ದೊಡ್ಡವರು ಹೇಳುತ್ತಾರೆ. ಆಡದಿದ್ದರೆ ಏನು ಹೋಗುತ್ತದೆ ಎಂದು ಯಾರೂ ಹೇಳಿಟ್ಟಿಲ್ಲ. ಶಿರಾಳಕೊಪ್ಪದಿಂದ ಶಿಕಾರಿಪುರದವರೆಗಿನ ಆ ಅರ್ಧ ಗಂಟೆ ಪರಶುರಾಮ ತನ್ನನ್ನು ತಾನು ಬೈದುಕೊಂಡಷ್ಟು ರಜನಿಯೂ ಅವನನ್ನು ಬೈದಿರಲಿಕ್ಕಿಲ್ಲ. ಸ್ಕ್ರೂ ಸಡಿಲ ಇದ್ದರೆ ನಾಲ್ಕು ಸಲ ನೋಡುವ ಗಂಡಸು, ನಾಲಿಗೆ ಸಡಿಲ ಬಿಡಬೇಕಾದ ಕಡೆ ಕಚ್ಚಿಕೊಂಡು ಕೂತೆಯಲ್ಲ ಎಂದುಕೊಂಡ. ಮುಂದೆ ಭತ್ತದ ಲಾರಿ ಒಂದು ದಾರಿ ಬಿಡದೆ ಹೋಗುತ್ತಿತ್ತು. ಅದರ ಹಿಂದೆ ಹಾರ್ನು ಹೊಡೆಯುತ್ತ ಹೊಡೆಯುತ್ತ ಅವನ ಹೆಬ್ಬೆರಳು ಜೋಮು ಹಿಡಿಯಿತು. ಬಂಗಾರಮ್ಮನಂಥವರು ಬಾಣಂತಿಗೆ ನೀರು ಹಾಕುವುದೆಂದರೆ ಎರಡು ತಂಬಿಗೆ ಸುರಿದು ಕಳಿಸುವುದಲ್ಲ. ಎಣ್ಣೆ ತಿಕ್ಕಿ, ಬೆನ್ನು ಸೊಂಟಕ್ಕೆ ಸುಡುನೀರು ಬಡಿದು, ಮುಕ್ಕಾಲು ಗಂಟೆ ಬಾಗಿಲು ಹಾಕಿಕೊಂಡು ಒಳಗೇ ಇರುತ್ತಾರೆ. ಉರಿ ಇಳಿದು ಕೆಂಡ ಆಗುವುದೂ ಅದೇ ಹೊತ್ತಿಗೆ.

ಮನೆಯ ಮುಂದೆ ಬೈಕು ಬೀಳಿಸಿ ಓಡಿದ. ಉತ್ತರದ ಗೋಡೆಯ ಜಾಲರಿಯೊಳಗೆ ಕೆಂಪು ಬಟ್ಟೆ ಕಾಣಿಸಿತು. ಹಳೆಯ ಇಳಕಲ್ ಸೀರೆಯನ್ನು ಮಡಿಸಿ ಮಡಿಸಿ ಇರುವೆ ಹೋಗದ ಹಾಗೆ ತುರುಕಿದ್ದರು. ಗೋಡೆಯ ಆ ಕಡೆ ಫ್ಯಾನು ಪೂರ್ತಿ ಜೋರಿನಲ್ಲಿ ಮೊರೆಯುತ್ತಿತ್ತು. ಜಗಲಿಗೆ ಹಾರಿ ಮೀಟರ್ ಪೆಟ್ಟಿಗೆ ತೆಗೆದು ತಾನೇ ಇಟ್ಟ ಸ್ವಿಚ್ಚನ್ನು ಕೆಳಗೆ ಬಡಿದ. ಫ್ಯಾನು ನಿಂತಿತು.

ಒಳಗೆ ನೀಲಾಂಬಿಕ ಸೌಟು ಹಿಡಿದುಕೊಂಡೇ ತಿರುಗಿದರು. ಕರೆಂಟು ಹೋಯಿತೆಂದುಕೊಂಡಿದ್ದವರಿಗೆ ಪರಶುರಾಮ ಕಿಟಕಿಗಳನ್ನು ಒಂದೊಂದಾಗಿ ತೆಗೆಯುತ್ತಿರುವುದು ಕಾಣಿಸಿತು. ಅವರಿಗೆ ಸಿಟ್ಟು ನೆತ್ತಿಗೇರಿತು. ಬಾಣಂತಿ ಮೈಗೆ ಗಾಳಿ ತಾಗಿದರೆ ಸನ್ನಿಯಾಗುತ್ತದೆ, ತಲೆ ಸರಿ ಇದೆಯೇ ನಿಮಗೆ ಎಂದು ಕಿಟಕಿ ಹಾಕಲು ಬಂದರು. ಅವನು ಅವರ ಮುಂದೆ ಅಡ್ಡ ನಿಂತ. ಬೇರೆಯವರ ಮನೆಯ ಹೆಣ್ಣುಮಗಳ ದಾರಿಗೆ ಅವನು ಹಾಗೆ ನಿಂತದ್ದು ಅದೇ ಮೊದಲು.

"ಒಲೆ ಗಾಳಿ ಬಚ್ಚಲಿಗೆ ತಿರುಗೈತೆ ಅಮ್ಮಾರೆ. ನಿಮ್ಮ ಮಗಳು ಸಾಯ್ತಾಳೆ. ಈಗ್ಲೇ ಹೊರಗೆ ಕರ್ಕಂಬನ್ನಿ, ಸಾಯ್ತಾಳೆ."

ನೀಲಾಂಬಿಕ ಕೈ ಎತ್ತಿದರು. ಹೊಡೆಯಲಿಕ್ಕೋ, ಬಿಡ್ತು ಅನ್ನಿಸಲಿಕ್ಕೋ, ಅವರಿಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಬಚ್ಚಲಿನ ಬಾಗಿಲು ತೆರೆದು ಬಂಗಾರಮ್ಮ ಹೊಸಿಲಿನ ಮೇಲೆ ಕುಕ್ಕರಿಸಿದಳು. ಮೂವತ್ತು ವರ್ಷ ಬಾಣಂತಿಯರಿಗೆ ನೀರು ಹಾಕಿದ ಗಟ್ಟಿ ಹೆಂಗಸು. ಹಸಿ ಕಟ್ಟಿಗೆ ಮೊದಲು ಹೊಗೆ ಹಾಕಿತು, ಆಮೇಲೆ ಹೊಗೆ ನಿಂತಿತು, ಆದರೂ ತಲೆ ಗಿರ್ರನೆ ತಿರುಗುತ್ತಿದೆ, ಯಾರದೋ ದೃಷ್ಟಿ ಬಿದ್ದಿದೆ ಎಂದು ತೊದಲಿದಳು. ಧನ್ಯಾ ಎಲ್ಲಿ ಎಂದರೆ ಮಣೆಯ ಮೇಲೆ ಕೂತು ತೂಕಡಿಸುತ್ತಿದ್ದಾಳೆ, ಪಾಪ, ಕೂಸು ನಿದ್ದೆ ಮಾಡಲು ಬಿಟ್ಟಿಲ್ಲವಲ್ಲ ಎಂದಳು.

ಪರಶುರಾಮ ಬಚ್ಚಲಿನ ಕಡೆಗೆ ಬೆನ್ನು ಮಾಡಿ ನಿಂತ. ನೀಲಾಂಬಿಕ ಒಳಗೆ ನುಗ್ಗಿದರು. ಮಗಳನ್ನು ಕಂಬಳಿಯಲ್ಲಿ ಸುತ್ತಿ, ಕಂಕುಳಿಗೆ ಕೈ ಹಾಕಿ, ಎಳೆದುಕೊಂಡು ಬಂದು ಹಿತ್ತಿಲ ಬಾಗಿಲಿನಿಂದ ಬಯಲಿಗೆ ತಂದರು, ಗಾಳಿಗೆ. ಧನ್ಯಾಳ ತಲೆ ಒಂದು ಕಡೆಗೆ ಜೋತುಬಿದ್ದಿತ್ತು, ಹೆಸರು ಹಿಡಿದು ಕರೆದರೆ ಮಾತು ಬರಲಿಲ್ಲ. ಹಿತ್ತಿಲ ಕಲ್ಲಿನ ಮೇಲೆ ಕೂರಿಸಿ ಕೆನ್ನೆ ತಟ್ಟುತ್ತ ನೀಲಾಂಬಿಕ ಮಗಳ ಹೆಸರನ್ನು ಕೂಗಿದ ಕೂಗಿಗೆ ಪಕ್ಕದ ಮನೆಯವರೂ ಓಡಿ ಬಂದರು. ಎಷ್ಟು ಹೊತ್ತಿಗೋ ಧನ್ಯಾ ವಾಂತಿ ಮಾಡಿಕೊಂಡಳು, ತಲೆ ಸಿಡಿಯುತ್ತಿದೆ ಅವ್ವಾ ಎಂದಳು. ಮೊದಲೇ ಮೀಯಿಸಿದ್ದ ಕೂಸು ಮಾಳಿಗೆಯ ಕೋಣೆಯಲ್ಲಿ ಮಲಗಿತ್ತು, ಅದಕ್ಕೆ ಏನೂ ಆಗಿರಲಿಲ್ಲ. ಆಸ್ಪತ್ರೆಯಲ್ಲಿ ಧನ್ಯಾಳಿಗೂ ಬಂಗಾರಮ್ಮನಿಗೂ ಸಂಜೆಯವರೆಗೆ ಆಕ್ಸಿಜನ್ ಕೊಟ್ಟರು. ಇನ್ನು ಕಾಲು ಗಂಟೆ ತಡವಾಗಿದ್ದರೆ ಎಂದು ಡಾಕ್ಟರು ಶುರು ಮಾಡಿದ ಮಾತನ್ನು ಮಹೇಶ್ವರಪ್ಪ ಪೂರ್ತಿ ಕೇಳಿಸಿಕೊಳ್ಳಲಾರದೆ ಹೊರಗೆ ಹೋದರು. ನೀಲಾಂಬಿಕ ನಿಂತು ಪೂರ್ತಿ ಕೇಳಿದರು.

ಆಸ್ಪತ್ರೆಯ ಕಟ್ಟೆಯ ಮೇಲೆ ಪರಶುರಾಮ ಕೂತಿದ್ದ, ಕೂತಿದ್ದ ಎನ್ನುವುದಕ್ಕಿಂತ ಎದ್ದು ಕೂತು ಮಾಡುತ್ತಿದ್ದ. ತಪ್ಪು ನನ್ನದು, ನಿನ್ನೆಯೇ ಬಾಯಿ ಬಿಟ್ಟು ಹೇಳಬೇಕಿತ್ತು ಎಂದ. ನೀಲಾಂಬಿಕ ಅವನ ಪಕ್ಕ ಸ್ವಲ್ಪ ದೂರದಲ್ಲಿ ಕೂತರು. ಅವರ ಸೆರಗಿನ ಮೇಲೆ ಇನ್ನೂ ಬೆಳ್ಳುಳ್ಳಿ ಒಗ್ಗರಣೆಯ ಕಲೆ ಇತ್ತು.

"ಹೇಳಾಕ ಬಂದಿದ್ರಿ ನೀವು," ಎಂದರು. "ನಾನೇ ಬಿಡ್ತು ಅನ್ನಿಸಿದೆ."

ಅದಾದ ಮೇಲೆ ಪರಶುರಾಮನ ಕೆಲಸದ ಕ್ರಮ ಬದಲಾಯಿತು. ಮಷಿನ್ನಿಗೆ ಪೂಜೆ ಆಗುವ ಮೊದಲೇ ಮನೆಯವರನ್ನೆಲ್ಲ, ಮುದುಕಿಯರನ್ನು ಮುಖ್ಯವಾಗಿ, ಕಿಂಡಿಯ ಮುಂದೆ ನಿಲ್ಲಿಸಿ, ಕಡ್ಡಿ ಹಚ್ಚಿ ತೋರಿಸಿ, ಇದನ್ನು ಮುಚ್ಚಿದರೆ ಯಾರು ಯಾರು ಹೇಗೆ ಸಾಯುತ್ತಾರೆ ಎಂದು ಬಿಡಿಸಿ ಹೇಳುತ್ತಾನೆ. ಎರಡು ಮನೆಯವರು ಅವನನ್ನು ಅಂಗಳದಿಂದಲೇ ವಾಪಸು ಕಳಿಸಿದರು. ಸೊರಬದಲ್ಲಿ ಅವನಿಗೆ ಅಪಶಕುನದ ಪರಶುರಾಮ ಎಂಬ ಹೆಸರೂ ಬಂತು. ಅವನು ತಲೆ ಕೆಡಿಸಿಕೊಳ್ಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಡಿಸಿಕೊಂಡ, ಆದರೆ ಹೇಳುವುದನ್ನು ಬಿಡಲಿಲ್ಲ.

ಕೂಸನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆ ಮಹೇಶ್ವರಪ್ಪ ಸೊರಬಕ್ಕೇ ಬಂದು ಗಂಡ ಹೆಂಡತಿಯನ್ನು ಕರೆದು ಹೋಗಿದ್ದರು. ನಡುಮನೆಯಲ್ಲಿ ತೊಟ್ಟಿಲು, ಅದರ ಸುತ್ತ ಹೆಂಗಸರು, ಪಕ್ಕದಲ್ಲಿ ಊಟದ ಪಂಕ್ತಿ. ಅಡುಗೆಮನೆಯ ಬಾಗಿಲು ನೇರಕ್ಕೆ ಕಾಣುತ್ತಿತ್ತು. ಬಳ್ಳಿಗಾವಿಯಿಂದ ಬಂದಿದ್ದ ನೀಲಾಂಬಿಕ ಅವರ ಅಕ್ಕ ರಾಜೇಶ್ವರಮ್ಮ ಹೋಳಿಗೆ ಬುಟ್ಟಿ ತರಲು ಒಳಗೆ ಹೋದವರು ಕಿಂಡಿ ನೋಡಿ, ಕೂಸಿರುವ ಮನೆಯಲ್ಲಿ ಇದೇನು ತೂತು ಎನ್ನುತ್ತ, ಮೂಲೆಯಲ್ಲಿದ್ದ ಗೋಣಿಚೀಲವನ್ನು ಅದಕ್ಕೆ ಒತ್ತಿದರು. ಎಲೆಯ ಮುಂದೆ ಕೂತಿದ್ದ ಪರಶುರಾಮ ಅದನ್ನು ಕಂಡು ಅರ್ಧ ಎದ್ದ. ರಜನಿ ಅವನ ಅಂಗಿ ಹಿಡಿದಳು.

ಅವನಿಗಿಂತ ಮೊದಲು ನೀಲಾಂಬಿಕ ಎದ್ದಿದ್ದರು. ತೊಟ್ಟಿಲಿನ ಹಗ್ಗ ಕೈಯಲ್ಲೇ ಇತ್ತು.

"ಅಕ್ಕಾ, ಚೀಲ ತಗಿ. ಅದನ್ನ ಮುಚ್ಚಿದ್ರ ಸಾಯ್ತೀವಿ."

ಹಾಡುತ್ತಿದ್ದ ಹೆಂಗಸರು ನಿಲ್ಲಿಸಿದರು. ರಾಜೇಶ್ವರಮ್ಮನ ಮುಖ ಬಿಳಿಚಿಕೊಂಡಿತು. ತೊಟ್ಟಿಲ ಮುಂದೆ ನಿಂತು ಎಂಥ ಮಾತು ಆಡಿದೆ, ಮೊದಲು ಬಿಡ್ತು ಅನ್ನು ಎಂದರು.

"ಅನ್ನಲ್ಲ," ಎಂದರು ನೀಲಾಂಬಿಕ. "ಮೊದಲು ಚೀಲ ತಗಿ."

ರಾಜೇಶ್ವರಮ್ಮ ಚೀಲ ತೆಗೆದರು. ಕಿಂಡಿಯಿಂದ ಬೆಳಕು ನೆಲಕ್ಕೆ ಬಿತ್ತು, ಹಾಡು ನಿಂತಲ್ಲಿಂದ ಮತ್ತೆ ಶುರುವಾಯಿತು. ಪರಶುರಾಮ ಕೂತುಕೊಂಡ. ಬಡಿಸುವವರನ್ನು ಕರೆದು ಇನ್ನೊಂದು ಹೋಳಿಗೆ ಹಾಕಿಸಿಕೊಂಡು, ಅದನ್ನು ಪೂರ್ತಿ ತಿಂದು ಎದ್ದ.